ಆ ಬುಧವಾರ ನೀವು ಎಲ್ಲಿದ್ದಿರಿ?

ಎಲ್ಲರಿಗೂ ನಮಸ್ಕಾರ. ‘ಇತಿಹಾಸ ಮತ್ತು ನೆನಪು’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಗ್ರಂಥಾಲಯದ ಗೆಳೆಯರು ಕೇಳಿಕೊಂಡಾಗ ಒಪ್ಪಿಕೊಂಡೆ. ಮನೆಗೆ ಹೋಗಿ ಯೋಚಿಸಿದಾಗ ಅದು ನನ್ನ ಯೋಗ್ಯತೆಗೆ ಮೀರಿದ ಹೊರೆ ಎನ್ನಿಸಿತು. ಹಾಗಾಗಿ ಒಂದೇ ದಿನದ ಬಗ್ಗೆ ಮಾತನಾಡಿ ಮುಗಿಸುತ್ತೇನೆ. 1984ರ ಅಕ್ಟೋಬರ್ 31, ಬುಧವಾರ. ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದ ದಿನ. ದೀಪಾವಳಿ ಮುಗಿದು ಒಂದು ವಾರವಾಗಿತ್ತು, ಮಾರನೆಯ ದಿನ ರಾಜ್ಯೋತ್ಸವ.

ಐವತ್ತು ದಾಟಿದವರು ಒಮ್ಮೆ ಕೈ ಎತ್ತಿ. ಸರಿ. ಇಷ್ಟು ಜನಕ್ಕೂ ಆ ದಿನ ತಾವು ಎಲ್ಲಿದ್ದೆವು ಎನ್ನುವುದು ನೆನಪಿದೆ, ಅಲ್ಲವೇ? ಹಿಂದಿನ ದಿನ ಎಲ್ಲಿದ್ದಿರಿ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಾರದು. ಕಿರಿಯರು ನಗುತ್ತಿದ್ದೀರಿ. ನಿಮಗೂ ಅಂಥದ್ದೊಂದು ದಿನ ಉಂಟು: 2021ರ ಅಕ್ಟೋಬರ್ 29, ಪುನೀತ್ ತೀರಿಕೊಂಡ ಶುಕ್ರವಾರ. ಆ ಸುದ್ದಿ ಬಂದಾಗ ಮೊಬೈಲ್ ಯಾವ ಕೈಯಲ್ಲಿತ್ತು ಎಂಬುದನ್ನೂ ಹೇಳಬಲ್ಲ ಹುಡುಗರನ್ನು ನಾನು ನೋಡಿದ್ದೇನೆ.

ನನ್ನ ನೆನಪನ್ನು ಮೊದಲು ಹೇಳಿಬಿಡುತ್ತೇನೆ. ಆಗ ನಾನು ಏಳನೆಯ ತರಗತಿ. ಬೆಳಿಗ್ಗೆ ಹನ್ನೊಂದರ ಸುಮಾರು. ರಾಜ್ಯೋತ್ಸವಕ್ಕೆ ಶಾಲೆಯ ಜಗಲಿಯಲ್ಲಿ ಹಾಡಿನ ಅಭ್ಯಾಸ ನಡೆಯುತ್ತಿತ್ತು. ಮುಖ್ಯೋಪಾಧ್ಯಾಯರು ಒಂದು ಕೈಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಬಂದರು. ‘ಇಂದಿರಾ ಗಾಂಧಿಯವರು ಇನ್ನಿಲ್ಲ’ ಎಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಜವಾನ ಗಂಟೆಯನ್ನು ಉದ್ದಕ್ಕೆ ಬಾರಿಸಿದ. ನಾವು ಹುಡುಗರು ರಜೆ ಸಿಕ್ಕಿತೆಂದು ಓಡಿದೆವು. ದಾರಿಯಲ್ಲಿ ಜಿಟಿಜಿಟಿ ಮಳೆ. ಈ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷ ಹೇಳಿದ್ದೇನೆ, ಕನ್ನಡಕ ಒರೆಸುವ ಜಾಗದಲ್ಲಿ ನನ್ನ ಗಂಟಲೂ ಸ್ವಲ್ಪ ಕಟ್ಟುತ್ತಿತ್ತು.

ಮೂರು ವರ್ಷದ ಹಿಂದೆ ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪಯ್ಯನ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಉದ್ದನೆಯ ಪುಸ್ತಕಗಳು, ಕೆಂಪು ರಟ್ಟು, ಒಳಗೆಲ್ಲ ಹುಳು ಕೊರೆದ ತೂತು. ಅಪ್ಪಯ್ಯ ಭಾವನೆಗಳನ್ನು ಬರೆದಿಡುವ ಪೈಕಿ ಅಲ್ಲ. ಹಿಂಡಿ, ಗೊಬ್ಬರ, ಆಳಿನ ಕೂಲಿ, ಇಷ್ಟೇ. ಆ ಬುಧವಾರದ ಪುಟ ಹೀಗಿದೆ: ‘31.10.84. ಪುಟ್ಟನ ಮಂಗನಬಾವಿಗೆ ಔಷಧಿ, 3 ರೂ. 50 ಪೈಸೆ. ಹಿಂಡಿ ಅರ್ಧ ಮೂಟೆ. ಸಂಜೆ ರೇಡಿಯೋದಲ್ಲಿ ಇಂದಿರಾ ಗಾಂಧಿ ತೀರಿಕೊಂಡ ಸುದ್ದಿ.’

ಪುಟ್ಟ ಎಂದರೆ ನಾನೇ. ಅಕ್ಕನಿಗೆ ಫೋನ್ ಮಾಡಿದೆ. ‘ನೀನು ಆ ವಾರ ಶಾಲೆಯ ಕಡೆ ಮುಖ ಹಾಕಿರಲಿಲ್ಲವಲ್ಲೋ, ಕೆನ್ನೆ ಊದಿಸಿಕೊಂಡು ಮಂಚದಲ್ಲಿ ಬಿದ್ದುಕೊಂಡಿದ್ದೆ. ಗಂಟೆ ಬಾರಿಸಿದ ಕಥೆ ನಾನು ನಿನಗೆ ಹೇಳಿದ್ದು’ ಎಂದಳು. ಟ್ರಾನ್ಸಿಸ್ಟರ್? ಅದು ನಮ್ಮ ಮನೆಯದಂತೆ. ಕನ್ನಡಕ ಒರೆಸಿಕೊಂಡವರು ಯಾರು ಎಂದು ಅವಳಿಗೂ ಗೊತ್ತಿಲ್ಲ.

ಸ್ವಲ್ಪ ಯೋಚಿಸಿದ್ದರೆ ನನಗೇ ಅನುಮಾನ ಬರಬೇಕಿತ್ತು, ನಾನು ಇತಿಹಾಸದ ಮೇಷ್ಟ್ರು. ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಅಕ್ಬರ್ ರಸ್ತೆಯ ಕಚೇರಿಗೆ ತೋಟದ ದಾರಿಯಲ್ಲಿ ನಡೆದು ಹೋಗುತ್ತಿದ್ದ ಪ್ರಧಾನಿಯ ಮೇಲೆ ಇಬ್ಬರು ಸಿಖ್ ಅಂಗರಕ್ಷಕರು ಗುಂಡು ಹಾರಿಸಿದ್ದು ಬೆಳಿಗ್ಗೆ 9 ಗಂಟೆ 20 ನಿಮಿಷದ ಸುಮಾರಿಗೆ. ಆಚೆ ಕಡೆ ಪೀಟರ್ ಉಸ್ತಿನೋವ್ ಎಂಬ ನಟ ಸಂದರ್ಶನಕ್ಕೆ ಕ್ಯಾಮೆರಾ ಸಿದ್ಧಮಾಡಿಕೊಂಡು ಕಾಯುತ್ತಿದ್ದ. ಏಮ್ಸ್ ಆಸ್ಪತ್ರೆಯಲ್ಲಿ ಸಾವನ್ನು ಘೋಷಿಸಿದ್ದು ಮಧ್ಯಾಹ್ನ ಎರಡು ಗಂಟೆಯ ನಂತರ. ಬಿಬಿಸಿ ಮೊದಲೇ ಹೇಳಿಬಿಟ್ಟಿತ್ತು. ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯೇ ಬಿಬಿಸಿ ಕೇಳುತ್ತಿದ್ದರು. ಆಕಾಶವಾಣಿ ಮಾತ್ರ ಸಂಜೆಯವರೆಗೂ ಸಾವಿನ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ದೂರದರ್ಶನದಲ್ಲಿ ಸಲ್ಮಾ ಸುಲ್ತಾನ್ ಆ ಸುದ್ದಿ ಓದಿದ್ದೂ ಸಂಜೆಯೇ. ಹೀಗಿರುವಾಗ ಮಲೆನಾಡಿನ ಮೂಲೆಯ ಶಾಲೆಯ ಜಗಲಿಯಲ್ಲಿ ಹನ್ನೊಂದು ಗಂಟೆಗೆ ರೇಡಿಯೋ ಹಿಡಿದು ‘ಇನ್ನಿಲ್ಲ’ ಎನ್ನಲು ನಮ್ಮ ಮುಖ್ಯೋಪಾಧ್ಯಾಯರಿಗೆ ಸಾಧ್ಯವೇ ಇರಲಿಲ್ಲ.

ನಾನೊಬ್ಬನೇ ಹೀಗೆ ಎಂದುಕೊಂಡು ನಾಚಿಕೊಂಡಿದ್ದೆ. ಆಮೇಲೆ ನಮ್ಮ ಜಿಲ್ಲೆಯ ಹಿರಿಯರನ್ನು ಮಾತನಾಡಿಸುತ್ತಾ ಹೋದೆ. ಒಬ್ಬರಲ್ಲ ಇಬ್ಬರಲ್ಲ, ‘ನಮ್ಮ ಸಂಸದೆಯನ್ನು ಕೊಂದರು’ ಎಂದವರು ಹಲವರು. ಆ ಮಾತಿನ ಹಿಂದೆ 1978ರ ನವೆಂಬರ್ ಇದೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರ ಎದುರು ನಿಂತು ಗೆದ್ದ ಉಪಚುನಾವಣೆ. ‘ಏಕ್ ಶೇರನಿ, ಸೌ ಲಂಗೂರ್’ (ಒಂದು ಸಿಂಹಿಣಿ, ನೂರು ಮುಸುವ) ಎಂದು ಹಿಂದಿಯೇ ಬಾರದ ನಮ್ಮೂರಿನ ಹುಡುಗರು ಕೂಗಿಕೊಂಡು ತಿರುಗಿದರು, ಲಂಗೂರ್ ಎಂದರೆ ಏನೆಂದು ತಿಳಿಯದೆ. ಆದರೆ ಆ ಗೆಲುವು ನಿಂತದ್ದು ಡಿಸೆಂಬರ್‌ವರೆಗೆ ಮಾತ್ರ, ಹಕ್ಕುಚ್ಯುತಿಯ ಹೆಸರಿನಲ್ಲಿ ಅವರನ್ನು ಲೋಕಸಭೆಯಿಂದ ಹೊರಹಾಕಲಾಯಿತು. ಸಾಯುವಾಗ ಅವರು ಆಂಧ್ರದ ಮೇದಕ್‌ನ ಸಂಸದೆ. ಇದನ್ನು ಹೇಳಿದರೆ ಒಬ್ಬ ಅಜ್ಜ ನನ್ನ ಮೇಲೆ ರೇಗಿದರು. ‘ಮೇದಕ್ಕೋ ಗೀದಕ್ಕೋ, ಅವರಿಗೆ ಮರುಜನ್ಮ ಕೊಟ್ಟವರು ನಾವು’ ಎಂದರು. ತಾರೀಕು ತಪ್ಪಿರಬಹುದು, ಅವರ ಹಕ್ಕುದಾರಿಕೆಯನ್ನು ನಾನು ಹೇಗೆ ತಪ್ಪೆನ್ನಲಿ?

ಕ್ರಿಕೆಟ್ ಪ್ರೇಮಿಗಳದ್ದು ಬೇರೆಯೇ ದಾರಿ. ಆ ದಿನ ನಮ್ಮ ತಂಡ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಆಡುತ್ತಿತ್ತು. ವೆಂಗ್‌ಸರ್ಕಾರ್ 94 ಹೊಡೆದು ಔಟಾಗದೆ ಉಳಿದಿದ್ದರು. ಪಂದ್ಯ ಅಲ್ಲಿಗೇ ನಿಂತಿತು, ಪ್ರವಾಸವೂ ರದ್ದಾಯಿತು. ದೇಶಕ್ಕೆ ಆದದ್ದನ್ನು ‘ಆ ಆರು ರನ್ನು’ ಎಂದು ನೆನೆಯುವ ಒಬ್ಬ ಗೆಳೆಯ ನನಗಿದ್ದಾನೆ. ಬೈಯಬೇಡಿ, ಅವನ ಲೆಕ್ಕವಾದರೂ ಸರಿಯಾಗಿದೆ.

ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. 1977ರಲ್ಲಿ ಅಮೆರಿಕದ ಬ್ರೌನ್ ಮತ್ತು ಕುಲಿಕ್ ಎಂಬ ಇಬ್ಬರು, ಕೆನೆಡಿ ಹತ್ಯೆಯಂಥ ಸುದ್ದಿ ಕೇಳಿದ ಗಳಿಗೆ ಫೋಟೋ ತೆಗೆದಂತೆ ಮನಸ್ಸಿನಲ್ಲಿ ಅಚ್ಚಾಗುತ್ತದೆ ಎಂದರು. ಅದಕ್ಕೆ ಅವರಿಟ್ಟ ಹೆಸರು ಫ್ಲ್ಯಾಶ್‌ಬಲ್ಬ್ ನೆನಪು. ಅಲ್ರಿಕ್ ನೈಸರ್ ಎಂಬ ವಿದ್ವಾಂಸನಿಗೆ ಈ ಫೋಟೋದ ಮಾತು ರುಚಿಸಲಿಲ್ಲ. ಕಾರಣ ಅವನದೇ ನೆನಪು. 1941ರ ಡಿಸೆಂಬರ್ 7ರಂದು ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ವಿವರಣೆ ಕೇಳುತ್ತಿದ್ದಾಗ ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಬಂತು ಎಂದು ಅವನು ಎಷ್ಟೋ ವರ್ಷ ನಂಬಿದ್ದ. ಒಂದು ದಿನ ಹೊಳೆಯಿತು, ಡಿಸೆಂಬರ್‌ನ ಚಳಿಯಲ್ಲಿ ಅಮೆರಿಕದಲ್ಲಿ ಯಾರೂ ಬೇಸ್‌ಬಾಲ್ ಆಡುವುದಿಲ್ಲ! ಅವನ ಬೇಸ್‌ಬಾಲ್ ಮತ್ತು ನನ್ನ ಮುಖ್ಯೋಪಾಧ್ಯಾಯರ ಟ್ರಾನ್ಸಿಸ್ಟರ್ ದಾಯಾದಿಗಳು.

1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿಯಿತು. ಮಾರನೆಯ ಬೆಳಿಗ್ಗೆಯೇ ನೈಸರ್ ಅಟ್ಲಾಂಟಾದ ತನ್ನ ವಿದ್ಯಾರ್ಥಿಗಳಿಂದ ‘ಸುದ್ದಿ ಹೇಗೆ ತಿಳಿಯಿತು’ ಎಂದು ಬರೆಯಿಸಿ ಇಟ್ಟುಕೊಂಡ. ಎರಡೂವರೆ ವರ್ಷದ ನಂತರ ಅವರಲ್ಲಿ ಕೆಲವರನ್ನು ಮತ್ತೆ ಕೇಳಿದ. ನಾಲ್ವರಲ್ಲಿ ಒಬ್ಬರದ್ದು ಪೂರ್ತಿ ತಪ್ಪು. ತರಗತಿಯಲ್ಲಿ ಯಾರೋ ಮಾತನಾಡಿಕೊಳ್ಳುವುದನ್ನು ಕೇಳಿದೆ ಎಂದು ಬರೆದಿದ್ದ ಹುಡುಗಿ, ಈಗ ಹಾಸ್ಟೆಲ್ ಕೋಣೆಯಲ್ಲಿ ಟಿವಿ ನೋಡುತ್ತಿದ್ದೆ ಎಂದಳು, ಅದೂ ಎಳ್ಳಷ್ಟು ಅನುಮಾನವಿಲ್ಲದೆ. ಅವರವರ ಕೈಬರಹವನ್ನೇ ಮುಂದೆ ಇಟ್ಟರೂ ಹಳೆಯ ನೆನಪು ಮರಳಿ ಬರಲಿಲ್ಲ. ನನಗೂ ಅಷ್ಟೇ. ಅಪ್ಪಯ್ಯನ ಅಕ್ಷರ ಕಣ್ಣೆದುರು ಇದ್ದರೂ ಮಂಚ ನೆನಪಾಗುವುದಿಲ್ಲ, ಜಗಲಿಯೇ ನೆನಪಾಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ‘ಹಾಗಾದರೆ ನೆನಪನ್ನು ನಂಬಲೇಬಾರದು’ ಎಂದು ನೀವು ಎದ್ದು ಹೋಗುತ್ತೀರಿ. ಆ ಮಾತು ತುಂಬ ಅಪಾಯದ್ದು. ಯಾಕೆಂದರೆ ‘ಆ ವಾರ ನೀನು ಎಲ್ಲಿದ್ದೆ?’ ಎಂಬ ಪ್ರಶ್ನೆಯನ್ನು ಬೇರೆಯವರಿಗೂ ಕೇಳಲಾಯಿತು, ಚಹಾ ಕುಡಿಯುತ್ತಾ ಅಲ್ಲ, ಕಟಕಟೆಯಲ್ಲಿ ನಿಲ್ಲಿಸಿ. ದೆಹಲಿಯ ತ್ರಿಲೋಕಪುರಿ, ಮಂಗೋಲ್‌ಪುರಿ, ಸುಲ್ತಾನ್‌ಪುರಿಯ ಸಿಖ್ಖರಿಗೆ. ಅವರ ತಾರೀಕು ಅಕ್ಟೋಬರ್ 31 ಅಲ್ಲ, ನವೆಂಬರ್ 1. ಗುಂಪುಗಳು ಮನೆಮನೆ ಹುಡುಕಿ ಗಂಡಸರನ್ನು ಎಳೆದು ಕೊಂದವು, ಟೈರು, ಸೀಮೆಎಣ್ಣೆ ಹಾಕಿ ಸುಟ್ಟವು. ದೆಹಲಿಯೊಂದರಲ್ಲೇ ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆ 2,733. ಮಿಶ್ರಾ ಆಯೋಗ, ನಾನಾವತಿ ಆಯೋಗ ಎಂದು ಒಂದಾದ ಮೇಲೊಂದು ಬಂದವು. ಪ್ರಮಾಣಪತ್ರಗಳ ಕಟ್ಟುಗಳು ಬೆಳೆದವು. ರಾಜ್‌ನಗರದ ಕೊಲೆಗಳ ಪ್ರಕರಣದಲ್ಲಿ ಗಂಡ ಮತ್ತು ಮಗನನ್ನು ಕಳೆದುಕೊಂಡ ಒಬ್ಬ ಹೆಂಗಸು ಸಾಕ್ಷಿ ಹೇಳಿದರು. ಕೆಳಗಿನ ನ್ಯಾಯಾಲಯ 2013ರಲ್ಲಿ ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್ ಅವರನ್ನು ಬಿಡುಗಡೆ ಮಾಡಿತು. ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರಂದು ಆ ತೀರ್ಪನ್ನು ತಿರುಗಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. 34 ವರ್ಷ ಆ ಹೆಂಗಸು ತಾನು ಕಂಡದ್ದನ್ನು ಹಿಡಿದುಕೊಂಡು ಕುಳಿತಿದ್ದರು.

ಅವರ ನೆನಪನ್ನೂ ನನ್ನ ಟ್ರಾನ್ಸಿಸ್ಟರನ್ನೂ ಒಂದೇ ತಕ್ಕಡಿಗೆ ಹಾಕಬಹುದೇ? ಇದಕ್ಕೂ ನೈಸರನೇ ಉತ್ತರ ಹುಡುಕಿದ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾಯಿತು. ಅಲ್ಲಿ ನೆಲ ನಡುಗಿದ್ದನ್ನು ಅನುಭವಿಸಿದವರಿಂದಲೂ, ದೂರದ ಅಟ್ಲಾಂಟಾದಲ್ಲಿ ಕುಳಿತು ಸುದ್ದಿ ಕೇಳಿದವರಿಂದಲೂ ಕೂಡಲೇ ಬರೆಯಿಸಿಕೊಂಡರು. ಸುಮಾರು ಒಂದೂವರೆ ವರ್ಷದ ಮೇಲೆ ಮತ್ತೆ ಕೇಳಿದಾಗ ಸುದ್ದಿ ಕೇಳಿದವರ ಮಾತು ಅಲ್ಲಲ್ಲಿ ಜಾರಿತ್ತು. ನೆಲದ ಮೇಲೆ ನಿಂತಿದ್ದವರ ಮಾತು ಹೆಚ್ಚುಕಡಿಮೆ ಹಾಗೆಯೇ ಇತ್ತು. ಕೇಳಿದ್ದು ಬೇರೆ, ಕಂಡದ್ದು ಬೇರೆ.

‘ಆ ದಿನ ಎಲ್ಲಿದ್ದಿರಿ’ ಎಂದು ನಾವು ಇಷ್ಟು ಹುರುಪಿನಿಂದ ಕೇಳಿಕೊಳ್ಳುವುದು ನಾವು ಅಲ್ಲಿ ಇರಲಿಲ್ಲವಾದ್ದರಿಂದಲೇ ಇರಬೇಕು ಎಂದು ನನಗೀಗ ಅನ್ನಿಸುತ್ತದೆ. ದೂರದವರಿಗೆ ಅದೊಂದು ಕಥೆ. ದೊಡ್ಡ ಘಟನೆಯ ಅಂಚಿಗೆ ನಮ್ಮ ಜಗಲಿ, ನಮ್ಮ ಮಳೆ, ನಮ್ಮ ರಜೆಯನ್ನು ಹೊಲಿದುಕೊಳ್ಳುತ್ತೇವೆ. ಅದನ್ನು ನಾನು ಬೇಡ ಎನ್ನುವುದಿಲ್ಲ, ನನಗೂ ಆ ಹೊಲಿಗೆ ಇಷ್ಟ. ಇಲ್ಲಿರುವ ಹಿರಿಯರು ತಮ್ಮ ತಮ್ಮ ಕಥೆಯನ್ನು ಬರೆದು ಈ ಗ್ರಂಥಾಲಯಕ್ಕೆ ಕೊಟ್ಟರೆ ನಾನೇ ಒಂದು ಕಡತ ಮಾಡಿ ಇಡುತ್ತೇನೆ. ಒಂದು ಕೋರಿಕೆ, ನೀವು ಕಂಡದ್ದನ್ನು ಒಂದು ಹಾಳೆಯಲ್ಲಿ, ಬೇರೆಯವರಿಂದ ಕೇಳಿದ್ದನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಎರಡನೆಯದೇ ದಪ್ಪವಾದರೆ ಸಂಕೋಚ ಬೇಡ.

ಅಪ್ಪಯ್ಯನ ಪುಸ್ತಕ ತಂದಿದ್ದೇನೆ, ಆಮೇಲೆ ನೋಡಬಹುದು, ಹಾಳೆ ತಿರುವುವಾಗ ಮಾತ್ರ ಹುಷಾರು. ಬುಧವಾರದ ಪುಟದ ಮುಂದಿನದು ನವೆಂಬರ್ 1. ದೆಹಲಿಯಲ್ಲಿ ಹೊಗೆ ಏಳುತ್ತಿದ್ದ ದಿನ. ಅಪ್ಪಯ್ಯ ಬರೆದದ್ದು ಎರಡು ಸಾಲು: ‘ಬಸ್ಸಿಲ್ಲ. ಪೇಟೆಗೆ ಹೋಗಬೇಕಾದ ಹಾಲು ಉಳಿಯಿತು, ಹೆಪ್ಪು ಹಾಕಿದೆವು.’