ಅರ್ಧ ಇಂಚಿನ ಪೈಪಲ್ಲಿ ಅರ್ಧ ಇಂಚು ಎಲ್ಲಿದೆ?

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೂ ಕೇಳಿಸ್ತಿದ್ಯಾ? ಸರಿ. ಬೇರೆ ಬೇರೆ ಅಳತೆ ಪದ್ಧತಿಯ ಪೈಪುಗಳನ್ನ ಬೆರೆಸಿದ್ರೆ ಏನಾಗುತ್ತೆ, ಇವತ್ತಿನ ಮಾತು ಅದೇ. ಟೇಬಲ್ ಮೇಲಿರೋ ಈ ತುಂಡು ಅರ್ಧ ಇಂಚಿನ ಕಬ್ಬಿಣದ ಪೈಪು. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್, ಅದ್ರಲ್ಲಿ ಯಾರದೂ ತಕರಾರಿಲ್ಲ. ಈಗ ಕ್ಯಾಲಿಪರ್ ಹಿಡೀತೀನಿ, ಹೊರಗಡೆ 21.3, ಒಳಗಡೆ ಸುಮಾರು 15.8. ಹಾಗಾದ್ರೆ 12.7 ಎಲ್ಲಿ ಹೋಯ್ತು? ಎಲ್ಲೂ ಇಲ್ಲ. ಅದು ಅಳತೆ ಅಲ್ಲ ಸ್ವಾಮಿ, ಬರೀ ಹೆಸರು! ಹಿಂದೆ ಪೈಪಿನ ಗೋಡೆ ದಪ್ಪ ಇತ್ತು, ಒಳಗಿನ ತೂತು ಹೆಚ್ಚುಕಮ್ಮಿ ಅರ್ಧ ಇಂಚೇ ಇರ್ತಿತ್ತು, ಆಮೇಲೆ ತೆಳ್ಳಗಿನ ಗೋಡೆ ಮಾಡೋದು ಕಲಿತ್ರು, ಆದ್ರೆ ಆಗ್ಲೇ ಇದ್ದ ಫಿಟಿಂಗ್, ಅಂದ್ರೆ ಪೈಪು ಜೋಡಿಸೋ ತುಂಡುಗಳೆಲ್ಲ ಹೊರಗಿನ ಅಳತೆಗೆ ಮಾಡಿದ್ದು ನೋಡಿ, ಅದನ್ನ ಮುಟ್ಟೋ ಹಾಗಿರ್ಲಿಲ್ಲ, ಹಾಗಾಗಿ ಒಳಗಡೆ ದೊಡ್ಡದಾಯ್ತು, ಹೆಸರು ಹಾಗೇ ಉಳ್ಕೊಂಡ್ತು.

ಮೆಟ್ರಿಕ್ ಪಿವಿಸಿ ಪೈಪಿನ ಕಥೆ ಬೇರೆ. 25 ಅಂದ್ರೆ ಹೊರಗಿನ ಅಳತೆ 25 ಮಿಲಿಮೀಟರೇ, ಅಷ್ಟೇ. ಆದ್ರೆ ಇಂಚಿನ ಲೆಕ್ಕದ ಮುಕ್ಕಾಲು ಇಂಚು ಪೈಪಿನ ಹೊರಗಡೆ 26.7. ಕೈಯಲ್ಲಿ ಹಿಡಿದ್ರೆ ಎರಡೂ ಒಂದೇ ಥರ ಕಾಣುತ್ತೆ, ಅದೇ ಅಪಾಯ. ನಾನೇ ಒಂದ್ಸಲ 25ರ ಪೈಪನ್ನ ಮುಕ್ಕಾಲು ಇಂಚಿನ ಎಲ್ಬೋ, ಅಂದ್ರೆ ಮೂಲೆ ತಿರುಗಿಸೋ ಫಿಟಿಂಗ್ ಒಳಗೆ ತೂರ್ಸಿ, ಲೊಡಲೊಡ ಅಂತಿದ್ರೂ ಪಿವಿಸಿ ಅಂಟಿಸೋ ಸಾಲ್ವೆಂಟ್ ಸಿಮೆಂಟ್ ಜಾಸ್ತಿ ಬಳಿದು, ಆಯ್ತು ಬಿಡು ಅಂತ ಬಂದೆ. ಮೂರು ವಾರ ಒಂದು ಹನಿ ಸೋರ್ಲಿಲ್ಲ, ನಾನೂ ಜಂಬದಲ್ಲಿದ್ದೆ. ಒಂದಿನ ಬೆಳಗ್ಗೆ ಪಂಪ್ ಆನ್ ಮಾಡಿದ್ ತಕ್ಷಣ ಪೈಪ್ ಕಿತ್ಕೊಂಡು ಗೋಡೆಗೆ ಹೊಡೀತು. ತುದಿ ನೋಡಿದ್ರೆ ಒಣಗಿದ ಸಿಮೆಂಟು ಉಂಗುರದ ಥರ ಸಿಪ್ಪೆ ಎದ್ದು ಬಂದಿತ್ತು, ಕೆಳಗಿನ ಪ್ಲಾಸ್ಟಿಕ್ ನುಣ್ಣಗೆ ಹಾಗೇ ಇತ್ತು. ಯಾಕಂದ್ರೆ ಸಾಲ್ವೆಂಟ್ ಸಿಮೆಂಟ್ ಅನ್ನೋದು ಸಂದು ತುಂಬೋ ಗೋಂದಲ್ಲ, ಎರಡೂ ಮೈಯನ್ನ ಕರಗಿಸಿ ಒಂದ್ ಮಾಡತ್ತೆ, ಮೈಗೆ ಮೈ ಒತ್ಕೊಂಡಿರ್ಲೇಬೇಕು. ತಿರುಗಾಮುರುಗಾ ಆದ್ರೆ, ಅಂದ್ರೆ ಇಂಚಿನ ಪೈಪು 25ರ ಸಾಕೆಟ್ಟಿಗೆ ಹೋಗ್ಲಿಲ್ಲ ಅಂದ್ರೆ, ಮರಳು ಕಾಗದ ಹಾಕಿ ಉಜ್ಜೋರೂ ಇದಾರೆ, ಅವರಿಗೆ ನಾನೇನೂ ಹೇಳಲ್ಲ.

ಇನ್ನು ಥ್ರೆಡ್ಡು, ಅಂದ್ರೆ ಪೈಪಿನ ತುದಿಯ ತಿರುಪಿನ ಹಲ್ಲು. ಇಲ್ಲಿ ಜಗಳ ಮಿಲಿಮೀಟರಿಗೂ ಇಂಚಿಗೂ ಅಲ್ಲ, ಇಂಚಿಗೂ ಇಂಚಿಗೂ. ಮೆಟ್ರಿಕ್ ದೇಶಗಳಲ್ಲೂ ನೀರಿನ ಪೈಪಿನ ಥ್ರೆಡ್ ಸಾಮಾನ್ಯವಾಗಿ ಬಿಎಸ್‌ಪಿನೇ, ಅಂದ್ರೆ ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್, ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಕೂಡ ಅದನ್ನೇ ಒಪ್ಕೊಂಡಿದೆ. ಅಮೆರಿಕದವ್ರದ್ದು ಎನ್‌ಪಿಟಿ ಅನ್ನೋ ಬೇರೆ ಥ್ರೆಡ್ಡು. ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ತುದಿ ದುಂಡಗೆ, ಎನ್‌ಪಿಟಿದು 60 ಡಿಗ್ರಿ, ತುದಿ ಚಪ್ಪಟೆ. ಒಂದಿಂಚಿನ ಸೈಜಲ್ಲಿ ಬಿಎಸ್‌ಪಿಗೆ ಇಂಚಿಗೆ 11 ಹಲ್ಲು, ಎನ್‌ಪಿಟಿಗೆ ಹನ್ನೊಂದೂವರೆ, ಹಾಗಾಗಿ ಒಂದನ್ನ ಇನ್ನೊಂದಕ್ಕೆ ತಿರುಗಿಸಿದ್ರೆ ನಾಲ್ಕೈದು ಸುತ್ತಲ್ಲೇ ಬಿಗಿಯಾಗಿ ನಿಂತ್ಬಿಡುತ್ತೆ, ನಿಮಗೇ ಗೊತ್ತಾಗುತ್ತೆ, ಒಳ್ಳೇದು. ಅರ್ಧ, ಮುಕ್ಕಾಲು ಇಂಚಲ್ಲಿ ಎರಡಕ್ಕೂ 14 ಹಲ್ಲು! ಸರಾಗವಾಗಿ ಸುತ್ಕೊಂಡು ಹೋಗುತ್ತೆ, ಕೂತಂಗೇ ಇರುತ್ತೆ, ಆದ್ರೆ ಕೋನ ಬೇರೆ ಇರೋದ್ರಿಂದ ಹಲ್ಲಿನ ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಸಣ್ಣ ದಾರಿ ಉಳಿಯುತ್ತೆ, ನೀರಿಗೆ ಅಷ್ಟು ಸಾಕು. ಆಗ ನಾವೇನ್ ಮಾಡ್ತೀವಿ, ಇನ್ನೊಂದು ಹತ್ತು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ರೆಂಚ್ ಹಾಕಿ ತಿರುಪ್ತೀವಿ, ಫೀಮೇಲ್, ಅಂದ್ರೆ ಒಳಗಡೆ ಹಲ್ಲಿರೋ ಫಿಟಿಂಗ್ ಪ್ಲಾಸ್ಟಿಕ್ಕಿನದಾಗಿದ್ರೆ ಅಲ್ಲೇ ಸೀಳುತ್ತೆ, ಇಲ್ಲಾಂದ್ರೆ ಕೂದಲೆಳೆಯಷ್ಟು ಬಿರುಕು ಬಿಟ್ಕೊಂಡು ಆಮೇಲೆ ಕಾಟ ಕೊಡುತ್ತೆ.

ತಾಮ್ರದ ಪೈಪಲ್ಲಿ ಒಂದು ತಮಾಷೆ ಇದೆ. ಬ್ರಿಟನ್ನಿನ ಹಳೇ ಅರ್ಧ ಇಂಚಿನ ಪೈಪಿಗೆ ಈಗಿನ 15 ಮಿಲಿಮೀಟರ್ ಕಂಪ್ರೆಷನ್ ಫಿಟಿಂಗ್, ಅಂದ್ರೆ ನಟ್ಟು ಬಿಗಿದು ಒಳಗಿನ ಉಂಗುರ ಒತ್ತಿ ಕೂರಿಸೋದು, ಹಾಗೇ ಕೂರುತ್ತೆ. ಅದೇ ಧೈರ್ಯದಲ್ಲಿ ಮುಕ್ಕಾಲು ಇಂಚಿಗೆ 22ರದ್ದು ಹಾಕಿದ್ರೆ ಸೋರುತ್ತೆ, ಅದಕ್ಕೆ ಒಳಗಿನ ಹಿತ್ತಾಳೆ ಉಂಗುರ ಮುಕ್ಕಾಲು ಇಂಚಿನದ್ದೇ ಬೇಕು.

ಬೆರೆಸ್ಲೇಬೇಡಿ ಅಂತ ನಾನು ಹೇಳಲ್ಲ, ಹಳೇ ಲೈನಿಗೆ ಹೊಸದು ಸೇರಿಸುವಾಗ ಬೇರೆ ದಾರಿ ಇರಲ್ಲ. ಆದ್ರೆ ಬೆರೆಸೋದು ಒಂದೇ ಜಾಗದಲ್ಲಿ, ಕೈಗೆ ಸಿಗೋ ಕಡೆ, ಅದಕ್ಕೇ ಅಂತ ಮಾಡಿದ ಅಡಾಪ್ಟರ್ ಹಾಕಿ ಬೆರೆಸಿ, ಗೋಡೆ ಒಳಗೆ ಹೂತಾಕ್ಬೇಡಿ, ಪಕ್ಕದಲ್ಲಿ ಮಾರ್ಕರಲ್ಲಿ ಯಾವ ಕಡೆ ಯಾವುದು ಅಂತ ಬರೆದಿಡಿ. ಈಗ ಈ ಎರಡು ನಿಪ್ಪಲ್ಲನ್ನ, ಅಂದ್ರೆ ತುದಿಗೆ ಹಲ್ಲಿರೋ ಗಿಡ್ಡ ಪೈಪನ್ನ, ಕೈಯಿಂದ ಕೈಗೆ ದಾಟಿಸಿ, ಹಲ್ಲಿನ ತುದಿ ಮೇಲೆ ಉಗುರು ಆಡಿಸಿ ನೋಡಿ. ಯಾವುದು ಬಿಎಸ್‌ಪಿ ಅಂತ ಕೊನೇ ಸಾಲಿನವ್ರು ಹೇಳ್ಬೇಕು.