ಮರದ ಬೇಲಿ ಬಾಳಿಕೆ ಬರಬೇಕಾದರೆ

ಕೇಳುಗರಿಗೆ ನಮಸ್ಕಾರ.

ಹಿತ್ತಲಿನಲ್ಲಿ ಕೂತರೆ ಬೀದಿಗೆ ಕಾಣಬಾರದು, ಹಾಗೆಂದು ಕಾಂಪೌಂಡ್ ಗೋಡೆಯ ಬಿಗುವೂ ಬೇಡ ಎನ್ನುವವರು ಆಳೆತ್ತರದ ಮರದ ಬೇಲಿಗೆ ಮನಸ್ಸು ಮಾಡುತ್ತಾರೆ. ಇಂಥ ಬೇಲಿ ಮೂರು ಮಳೆಗಾಲಕ್ಕೇ ವಾಲಿದ್ದೂ ಉಂಟು, ಇಪ್ಪತ್ತು ವರ್ಷ ಅಲುಗದೆ ನಿಂತದ್ದೂ ಉಂಟು. ಎರಡಕ್ಕೂ ಒಂದೇ ಸಾಮಿಲ್ಲಿನ ಮರ ಹಾಕಿರಬಹುದು. ಕಂಬ ನೆಲಕ್ಕೆ ಇಳಿಯುವ ಜಾಗವಿದೆಯಲ್ಲ, ಅದರ ಮೇಲೆ ಅರ್ಧ ಅಡಿ, ಕೆಳಗೆ ಅರ್ಧ ಅಡಿ, ಅಷ್ಟರಲ್ಲಿ ಏನು ಮಾಡಿದ್ದಾರೆ ಎನ್ನುವುದೇ ಬಹುಪಾಲು ಬೇಲಿಗಳ ಆಯುಷ್ಯವನ್ನು ತೀರ್ಮಾನಿಸುತ್ತದೆ.

ಮರ ಕುಂಬಾಗುವುದು, ಅಂದರೆ ಕೊಳೆತು ಮೆದುವಾಗುವುದು, ಶಿಲೀಂಧ್ರದಿಂದ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದೊಳಗಿನ ತೇವ ಶೇಕಡಾ 20ರ ಒಳಗಿದ್ದರೆ ಅದು ಬೆಳೆಯುವುದಿಲ್ಲ. ನೆಲದ ಮೇಲಿನ ಮರ ಮಳೆಗೆ ನೆನೆದರೂ ಬಿಸಿಲು ಬಿದ್ದಾಗ ಒಣಗುತ್ತದೆ. ಮೂರಡಿ ಆಳದಲ್ಲಿ ತೇವವಿದ್ದರೂ ಗಾಳಿ ಕಡಿಮೆ. ಎರಡೂ ಧಾರಾಳವಾಗಿ ಸಿಗುವುದು ನೆಲಮಟ್ಟದಲ್ಲಿ. ಹಳೆಯ ಕಂಬವನ್ನು ಕಿತ್ತು ನೋಡಿದರೆ ಮೇಲೆಯೂ ಗಟ್ಟಿ, ತಳದ ತುದಿಯೂ ಎಷ್ಟೋ ಸಲ ಗಟ್ಟಿ, ನಡುವೆ ಮಾತ್ರ ಲಡ್ಡು. ಗಾಳಿ ಬೀಸಿದಾಗ ಕಂಬವನ್ನು ಮುರಿಯುವ ಒತ್ತಡವೂ ಅಲ್ಲೇ ಹೆಚ್ಚು. ಗೆದ್ದಲು ಹತ್ತುವುದೂ ಅಲ್ಲಿಂದಲೇ.

ಹಾಗಾಗಿ ಕಂಬ ಮರದ್ದು ಬೇಡ, ಹಲಗೆ ಮತ್ತು ಅಡ್ಡಪಟ್ಟಿ ಮಾತ್ರ ಮರದ್ದಿರಲಿ ಎನ್ನುವುದು ನನ್ನ ಮೊದಲ ಸಲಹೆ. ಕಂಬಕ್ಕೆ ಸತುವಿನ ಲೇಪವಿರುವ ಚೌಕ ಕಬ್ಬಿಣದ ಪೈಪು, ಅಂದರೆ ಜಿ.ಐ. ಪೈಪು, ತೆಗೆದುಕೊಳ್ಳಿ. ಒಳನಾಡಿಗೆ 60 ಮಿಲಿಮೀಟರ್ ಚೌಕ, ಕರಾವಳಿಗೆ 72 ಮಿಲಿಮೀಟರ್ ಚೌಕ. ಗೋಡೆಯ ದಪ್ಪ ಎರಡಕ್ಕೂ 3.2 ಮಿಲಿಮೀಟರ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತೆಳುವಾದ ಪೈಪು ಗೇಟಿನ ಚೌಕಟ್ಟಿಗಾದರೆ ಸರಿ, ಬೇಲಿಕಂಬಕ್ಕಲ್ಲ. ಪೈಪಿನ ಮೇಲ್ತುದಿಗೆ ಮುಚ್ಚಳ ಹಾಕಿಸಿ, ಕೆಳತುದಿ ತೆರೆದೇ ಇರಲಿ. ಒಳಗೆ ಬೆವರಿದ ನೀರು ಇಳಿದು ಹೋಗಬೇಕು.

ನಮ್ಮ ಕಡೆ ಕಲ್ಲುಕಂಬ ಸುಲಭವಾಗಿ ಸಿಗುತ್ತದೆ, ಅದನ್ನೇ ಹಾಕಬಾರದೇಕೆ ಎಂದು ಕೇಳುತ್ತೀರಿ. ತಂತಿಬೇಲಿಗೆ ಕಲ್ಲುಕಂಬಕ್ಕೆ ಸಾಟಿಯಿಲ್ಲ, ಏಕೆಂದರೆ ತಂತಿಯ ನಡುವೆ ಗಾಳಿ ಹಾದುಹೋಗುತ್ತದೆ. ಹಲಗೆ ಬೇಲಿಯದು ಬೇರೆ ಲೆಕ್ಕ. ಆರಡಿ ಎತ್ತರ, ಆರಡಿ ಅಗಲದ ಒಂದು ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಭಾಗದ, ಮೇಲೆ ಗಂಟೆಗೆ 72 ಕಿಲೋಮೀಟರಿನ ಗಾಳಿ ನೇರವಾಗಿ ಬೀಸಿದರೆ ಸುಮಾರು 100 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, 400 ಕಿಲೋ. ಕಟ್ಟಡಗಳ ಲೆಕ್ಕಕ್ಕೆ ಬಳಸುವ ಭಾರತೀಯ ಮಾನಕ ಐ.ಎಸ್. 875ರಲ್ಲಿ ಬೆಂಗಳೂರಿನ ಮೂಲ ಗಾಳಿವೇಗ, ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದ ಬಿರುಗಾಳಿಯ ವೇಗ, ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್. ಗಂಟೆಯ ಲೆಕ್ಕಕ್ಕೆ ತಂದರೆ ಮಂಗಳೂರಿನದು 140 ಕಿಲೋಮೀಟರ್ ಆಯಿತು. ಕಲ್ಲು ಭಾರ ಹೊರುತ್ತದೆ, ಬಾಗುವುದಿಲ್ಲ. ನಾಲ್ಕಿಂಚಿನ ಕಲ್ಲುಕಂಬಕ್ಕೆ ಬೋಲ್ಟಿನ ತೂತು ಕೊರೆದು ಹಲಗೆ ತುಂಬಿದರೆ ಬಿರುಗಾಳಿಗೆ ನೆಲಮಟ್ಟದಲ್ಲೇ ಟಕ್ಕನೆ ಮುರಿಯುವ ಭಯವಿದೆ.

ಕಂಬವೂ ಮರದ್ದೇ ಇರಬೇಕು ಎನ್ನುವವರು ನಾಲ್ಕಿಂಚು ಚೌಕದ, ಒಂಬತ್ತಡಿ ಉದ್ದದ ಕಂಬ ತೆಗೆದುಕೊಳ್ಳಿ. ಪೂರ್ತಿ ಕೆಚ್ಚು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಇರಲಿ. ಹೊರಗಿನ ಬಿಳಿ ಭಾಗ ತೇಗದ್ದಾದರೂ ನೆಲದಲ್ಲಿ ನಿಲ್ಲುವುದಿಲ್ಲ. ಎಳೆಯ ತೋಟದ ತೇಗದಲ್ಲಿ ಬಿಳಿಯೇ ಹೆಚ್ಚು, ಹೆಸರು ಕೇಳಿ ಮೋಸಹೋಗಬೇಡಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಎರಡಿಂಚು ಚೌಕದ ಗೂಟಗಳನ್ನು ಅರ್ಧ ಹೂತು ಬಿಡುತ್ತಾರೆ. ಹತ್ತು ವರ್ಷ ದಾಟಿದ ಮರ ಮೊದಲ ದರ್ಜೆ, ಐದರಿಂದ ಹತ್ತು ವರ್ಷ ಎರಡನೆಯದು, ಐದರೊಳಗೆ ಮುಗಿದದ್ದು ಮೂರನೆಯದು. ತೇಗ, ಬೋಗಿ, ಜಂಬೆ, ಇವುಗಳ ಕೆಚ್ಚು ಮೊದಲ ದರ್ಜೆಯವು. ಮಾವು ಕೊನೆಯ ಸಾಲಿನದು. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್, ರಬ್ಬರ್ ಮರ, ಇವೂ ಔಷಧಿ ಉಣಿಸದೆ ಹೊರಗೆ ನಿಲ್ಲುವ ಜಾತಿಯಲ್ಲ.

ಔಷಧಿ ಎಂದೆ. ಇದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಸಿ.ಸಿ.ಎ. ಎಂಬ ಮರರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನಲ್ಲಿ ಕೆಲಸ ಮಾಡುತ್ತಿದ್ದ ಸೋಂಟಿ ಕಾಮೇಶಂ. ಕ್ರೋಮಿಯಂ ಉಳಿದೆರಡನ್ನು ಮರದ ನಾರಿಗೆ ಕಚ್ಚಿ ಹಿಡಿಸುತ್ತದೆ, ಮಳೆ ಸುಲಭವಾಗಿ ತೊಳೆದೊಯ್ಯದು. ಅಮೆರಿಕದಲ್ಲಿ ಆರ್ಸೆನಿಕ್ಕಿನ ಕಾರಣಕ್ಕೆ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದನ್ನು ಬಿಟ್ಟರು. ಮಕ್ಕಳು ಮುಟ್ಟುವ ಬೇಲಿಗೆ ಆರ್ಸೆನಿಕ್ ಇಲ್ಲದ, ತಾಮ್ರ ಪ್ರಧಾನವಾದ ಔಷಧಿ ಕೇಳುವುದೇ ಸರಿ. ಬೋರಾಕ್ಸ್ ಮಾತ್ರ ಇರುವ ಔಷಧಿ ಮನೆಯೊಳಗಿನ ಮರಕ್ಕೆ ಚೆನ್ನ. ಹೊರಗಾದರೆ ಮಳೆನೀರಿನೊಂದಿಗೆ ಇಳಿದು ಹೋಗುತ್ತದೆ. ಯಾವುದೇ ಆಗಲಿ, ಒತ್ತಡದಲ್ಲಿ ತುಂಬಿಸಿದ್ದಾದರೆ ಮಾತ್ರ ಆಳಕ್ಕೆ ಇಳಿಯುತ್ತದೆ. ಬ್ರಷ್ಷಿನಲ್ಲಿ ಬಳಿದದ್ದು ಒಂದೆರಡು ಮಿಲಿಮೀಟರ್ ಅಷ್ಟೇ. ಔಷಧಿ ಉಂಡ ಮರವನ್ನು ಕೊಯ್ದರೆ ಕೊಯ್ದ ತುದಿಗೆ ಮತ್ತೆ ಔಷಧಿ ಬಳಿಯಬೇಕು. ಉಳಿದ ತುಂಡುಗಳನ್ನು ಬಚ್ಚಲೊಲೆಗೆ ಹಾಕಬಾರದು, ಹೊಗೆಯೂ ವಿಷ, ಬೂದಿಯೂ ವಿಷ.

ಬುಡಕ್ಕೆ ಗಾಡಿಯ ಸುಟ್ಟ ಎಣ್ಣೆ ಸುರಿಯುವ ರೂಢಿಯಿದೆ. ಮೇಲ್ಮೈಯನ್ನು ಕಪ್ಪಾಗಿಸಿ ಮಣ್ಣನ್ನು, ಬಾವಿನೀರನ್ನು ಕೆಡಿಸುವುದರ ಹೊರತು ಅದರಿಂದ ಹೆಚ್ಚಿನ ಉಪಯೋಗ ಇಲ್ಲ. ಹಸಿ ಕಂಬಕ್ಕೆ ಡಾಂಬರು ಬಳಿಯುವುದಂತೂ ತೇವವನ್ನು ಒಳಗೇ ಕೂಡಿಹಾಕಿದಂತೆ.

ಈಗ ಗುಂಡಿಗೆ ಬರೋಣ. ಕಂಬದಿಂದ ಕಂಬಕ್ಕೆ ಆರಡಿ. ಗುಂಡಿಯ ಅಗಲ ಒಂದಡಿ, ಆಳ ಮೂರೂವರೆ ಅಡಿ. ತಳಕ್ಕೆ ಅರ್ಧ ಅಡಿ 20 ಮಿಲಿಮೀಟರ್ ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ಕಂಬವನ್ನು ಆ ಜಲ್ಲಿಯ ಮೇಲೆ ನಿಲ್ಲಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಮೊದಲು ತಳಕ್ಕೆ ಕಾಂಕ್ರೀಟು ಹಾಕಿ, ಅದರ ಮೇಲೆ ಕಂಬ ಇಟ್ಟು, ಸುತ್ತ ಮತ್ತೆ ಕಾಂಕ್ರೀಟು ತುಂಬುತ್ತಾರೆ. ಮರದ ಕಂಬ ಒಣಗಿ ಕೂದಲೆಳೆಯಷ್ಟು ಕುಗ್ಗಿದೊಡನೆ ಆ ಸಂದಿನಲ್ಲಿ ನೀರು ಇಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಲೋಟದಲ್ಲಿ ನಿಂತಂತೆ ನಿಲ್ಲುತ್ತದೆ. ತಳ ತೆರೆದಿದ್ದರೆ ಜಲ್ಲಿಯ ಮೂಲಕ ಮಣ್ಣಿಗೆ ಇಳಿದೀತು. ಸುತ್ತ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟು ಹಾಕಿ, ಕಬ್ಬಿಣದ ಸರಳಿನಿಂದ ಚುಚ್ಚಿ ಗಾಳಿಗುಳ್ಳೆ ಹೊರಡಿಸಿ. ಮೇಲ್ಭಾಗ ನೆಲಕ್ಕಿಂತ ಎರಡಿಂಚು ಎತ್ತರದಲ್ಲಿ, ಕಂಬದಿಂದ ಹೊರಕ್ಕೆ ಇಳಿಜಾರಾಗಿ ಮುಗಿಯಬೇಕು. ಎಷ್ಟೋ ಕಡೆ ನೆಲಮಟ್ಟಕ್ಕಿಂತ ಒಂದಿಂಚು ಕೆಳಗೇ ನಿಲ್ಲಿಸಿ ಮೇಲೆ ಮಣ್ಣು ಎಳೆಯುತ್ತಾರೆ, ನೋಡಲು ಚೆಂದವೆಂದು. ಗೆದ್ದಲಿಗೂ ಅದೇ ಚೆಂದ.

ಅರವತ್ತಡಿ ಉದ್ದದ ಬೇಲಿಗೆ ಹನ್ನೊಂದು ಕಂಬ. ಸಿಮೆಂಟು ಮೂರು ಗುಂಡಿಗೆ ಒಂದು ಚೀಲದಂತೆ 4 ಚೀಲ, ಮರಳು 10 ಘನ ಅಡಿ, ತಳಕ್ಕೆ ಹಾಕುವುದೂ ಸೇರಿ ಜಲ್ಲಿ 24 ಘನ ಅಡಿ. ಮೊದಲು ಎರಡು ತುದಿಯ ಕಂಬ ನಿಲ್ಲಿಸಿ ದಾರ ಎಳೆಯಿರಿ, ನಡುವಿನವನ್ನು ದಾರಕ್ಕೆ ಸರಿಯಾಗಿ, ತೂಗುಗುಂಡು ಹಿಡಿದು ಎರಡು ಮುಖದಲ್ಲೂ ನೋಡಿ ನಿಲ್ಲಿಸಿ. ಏಳು ದಿನ ನೀರುಣಿಸಿದ ಮೇಲೆಯೇ ಅಡ್ಡಪಟ್ಟಿ ಕಟ್ಟಬೇಕು. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಗುಂಡಿಯ ತಳ ಬಾಯಿಗಿಂತ ಅಗಲವಾಗಿರಲಿ. ಎರೆಮಣ್ಣು ಮಳೆಗೆ ಉಬ್ಬುವಾಗ ಕೆಳಗೆ ಚೂಪಾದ ಕಾಂಕ್ರೀಟನ್ನು ಮೇಲಕ್ಕೆ ಒತ್ತುತ್ತದೆ. ಬಿರಿದಾಗ ಸಂದಿಗೆ ಮಣ್ಣು ಉದುರುವುದರಿಂದ ಕಂಬ ಮತ್ತೆ ತನ್ನ ಜಾಗಕ್ಕೆ ಇಳಿಯುವುದಿಲ್ಲ.

ಕಾಂಕ್ರೀಟಿನ ಮೇಲೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ಪಾದಗಳು ಸಿಗುತ್ತವೆ. ಅವು ಮೇಲೆ ಮಾಡಿನ ಹಿಡಿತವಿರುವ ಜಗಲಿ ಕಂಬಗಳಿಗೆ. ಒಂಟಿಯಾಗಿ ನಿಲ್ಲುವ ಬೇಲಿಕಂಬಕ್ಕೆ ಹಾಕಿದರೆ ಮೊದಲ ವರ್ಷವೇ ಓಲಾಡುತ್ತದೆ.

ಅಡ್ಡಪಟ್ಟಿ ಮೂರು ಸಾಲು, ಮೂರಿಂಚಿಗೆ ಎರಡಿಂಚು. ಮೂರಿಂಚಿನ ಮುಖ ನಿಂತಿರಬೇಕು. ಮಲಗಿಸಿದರೆ ಪಟ್ಟಿ ಜೋಲುತ್ತದೆ, ನೀರೂ ನಿಲ್ಲುತ್ತದೆ. ಮೇಲಂಚನ್ನು ಮರ ಹೆರೆಯುವ ಹತ್ತರಿಯಿಂದ ಇಳಿಜಾರಾಗಿ ಹೊಡೆದರೆ ಇನ್ನೂ ಒಳ್ಳೆಯದು. ಕೆಳಗಿನದು ನೆಲದಿಂದ ಒಂಬತ್ತಿಂಚು, ಮೇಲಿನದು ತುದಿಯಿಂದ ಏಳಿಂಚು ಕೆಳಗೆ, ಇನ್ನೊಂದು ನಟ್ಟನಡುವೆ. ಆರಡಿ ಎತ್ತರಕ್ಕೆ ಎರಡೇ ಪಟ್ಟಿ ಸಾಕೆಂದು ಬಡಗಿ ಹೇಳಿದರೆ ಒಪ್ಪಬೇಡಿ, ನಡುವೆ ಹಿಡಿತವಿಲ್ಲದ ಹಲಗೆ ಮೊದಲ ಬೇಸಿಗೆಗೇ ಡೊಂಕಾಗುತ್ತದೆ. ಜಿ.ಐ. ಕಂಬಕ್ಕೆ ಪಟ್ಟಿಯನ್ನು 10 ಮಿಲಿಮೀಟರಿನ ಬೋಲ್ಟಿನಿಂದ ಬಿಗಿಯುವಾಗ ಮರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ವಾಷರ್ ಇಡಿ. ಆ ಸಂದಿನಲ್ಲಿ ಗಾಳಿಯಾಡಿ ಮರ ಒಣಗುತ್ತದೆ.

ಹಲಗೆ ನಾಲ್ಕಿಂಚು ಅಗಲ, ಮುಕ್ಕಾಲಿಂಚು ದಪ್ಪ, ಉದ್ದ ಐದಡಿ ಒಂಬತ್ತಿಂಚು. ಉಳಿದ ಮೂರಿಂಚು ಕೆಳಗೆ ಬಿಡಬೇಕು. ನಾಯಿ ನುಗ್ಗುತ್ತದೆ ಎನ್ನುವವರು ಆ ಸಂದಿಗೆ ಕಲ್ಲುಚಪ್ಪಡಿ ನಿಲ್ಲಿಸಿ, ಹಲಗೆಯನ್ನು ಮಣ್ಣಿಗೆ ಮುಟ್ಟಿಸಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ನೆಲದಿಂದ ಸಿಡಿಯುವ ಕೆಸರುನೀರೇ ಹಲಗೆಯ ಬುಡವನ್ನು ತಿನ್ನುತ್ತದೆ. ಅಲ್ಲಿ ಒಂಬತ್ತಿಂಚಿನ ಚಪ್ಪಡಿ ನಿಲ್ಲಿಸಿ, ಕೆಳಪಟ್ಟಿಯನ್ನು ಅದಕ್ಕೆ ತಕ್ಕಂತೆ ಮೇಲಕ್ಕೆ ಏರಿಸಿ, ಹಲಗೆಯನ್ನು ಗಿಡ್ಡ ಮಾಡುವುದು ಲೇಸು.

ಹಲಗೆಗಳನ್ನು ಒತ್ತಾಗಿ ಜೋಡಿಸುವುದು ಸುಲಭ, ಆದರೆ ಮರ ಉಸಿರಾಡುತ್ತದೆ. ನಾಲ್ಕಿಂಚಿನ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಎರಡು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಒತ್ತಿ ಹೊಡೆದದ್ದು ಆಷಾಢದಲ್ಲಿ ಒಂದನ್ನೊಂದು ತಳ್ಳಿ ಸ್ಕ್ರೂ ಕಿತ್ತುಕೊಂಡು ಉಬ್ಬುತ್ತದೆ. ಮಳೆಯಲ್ಲಿ ಹೊಡೆದದ್ದು ಏಪ್ರಿಲಿನಲ್ಲಿ ಬಿರುಕು ತೋರಿಸುತ್ತದೆ. ಇದಕ್ಕೆ ನಾನು ಒಪ್ಪುವ ಪರಿಹಾರ ಪಟ್ಟಿಯ ಎರಡೂ ಮಗ್ಗುಲಿಗೆ ಹಲಗೆ ಹೊಡೆಯುವುದು. ಈ ಕಡೆ ಎರಡೂವರೆ ಇಂಚು ಸಂದು ಬಿಟ್ಟು ಹಲಗೆ, ಆ ಸಂದಿಗೆ ಎದುರಾಗಿ ಆ ಕಡೆ ಇನ್ನೊಂದು ಹಲಗೆ, ಎರಡು ಅಂಚಿನಲ್ಲೂ ಮುಕ್ಕಾಲಿಂಚು ಮೇಲುಮುಚ್ಚು. ನೇರವಾಗಿ ನೋಡಿದರೆ ಏನೂ ಕಾಣದು, ಗಾಳಿ ಮಾತ್ರ ನಡುವೆ ನುಸುಳಿ ಹೋಗುತ್ತದೆ, ಕಂಬದ ಮೇಲಿನ ಒತ್ತಡ ಇಳಿಯುತ್ತದೆ. ಪಕ್ಕದ ಮನೆಯವರಿಗೂ ಬೇಲಿಯ ಬೆನ್ನು ನೋಡುವ ಬೇಸರವಿಲ್ಲ. ಓರೆಯಾಗಿ ನೋಡಿದರೆ ಸ್ವಲ್ಪ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಸಾಮಿಲ್ಲಿನ ಲೆಕ್ಕ ಹೀಗೆ. ಒತ್ತು ಹಲಗೆಯಾದರೆ ಆರಡಿಯ ಅಂಕಣಕ್ಕೆ 18, ಎರಡು ಮಗ್ಗುಲಿನದಾದರೆ 22. ಅರವತ್ತಡಿಗೆ 220 ಹಲಗೆ, ಸುಮಾರು ಇಪ್ಪತ್ತಾರೂವರೆ ಘನ ಅಡಿ. ಅಡ್ಡಪಟ್ಟಿಗೆ ಏಳೂವರೆ ಘನ ಅಡಿ. ಒಟ್ಟು 34, ಇದರ ಮೇಲೆ ಹತ್ತನೇ ಒಂದು ಭಾಗ ನಷ್ಟಕ್ಕೆ. ಬಿಲ್ಲು ಕೇಳಿ ತೆಗೆದುಕೊಳ್ಳಿ, ಕಳ್ಳಮರ ಮನೆಗೆ ತರಬೇಡಿ. ಹಲಗೆಗೆ ಕರಾವಳಿ, ಮಲೆನಾಡಿನವರಿಗೆ ಅಕೇಶಿಯಾದ ಕೆಚ್ಚು ಕೈಗೆಟಕುವ ಮರ. ಗಡಸು, ಮೊಳೆ ಹೊಡೆದರೆ ಸೀಳುತ್ತದೆ, ಆದ್ದರಿಂದ ತೂತು ಕೊರೆದೇ ಸ್ಕ್ರೂ ಹಾಕಬೇಕು. ಹಲಸಿನ ಕೆಚ್ಚೂ ಒಳ್ಳೆಯದೇ.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಒಳನಾಡಿಗೆ 304, ಉಪ್ಪುಗಾಳಿಯ ಊರಿಗೆ 316 ಎಂಬ ದರ್ಜೆ. ಬರೀ ಕಬ್ಬಿಣದ ಮೊಳೆ ಮರದ ಒಗರಿನ ಜೊತೆ ಸೇರಿ ಮೊದಲ ಮಳೆಗೇ ಕಪ್ಪು ಕಣ್ಣೀರು ಇಳಿಸುತ್ತದೆ. ತಾಮ್ರದ ಔಷಧಿ ಕುಡಿದ ಮರದಲ್ಲಂತೂ ಬೇಗ ತುಕ್ಕು ಹಿಡಿಯುತ್ತದೆ. 50 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪದ ಸ್ಕ್ರೂ, 3 ಮಿಲಿಮೀಟರ್ ತೂತು. ಪ್ರತಿ ಪಟ್ಟಿಗೂ ಎರಡು, ಅಂಚಿನಿಂದ ಒಂದೊಂದು ಇಂಚು ಒಳಗೆ. ಒಟ್ಟು 1,320 ಬೇಕು, 1,500 ತರಿಸಿಕೊಳ್ಳಿ.

ಹಲಗೆಯ ಮೇಲ್ತುದಿ ಮರೆಯುವ ಜಾಗ. ಕೊಯ್ದ ತುದಿಯ ನಾರು ನೀರನ್ನು ಮುಖಕ್ಕಿಂತ ಎಷ್ಟೋ ಪಟ್ಟು ಬೇಗ ಹೀರುತ್ತದೆ. ಅದಕ್ಕೆ ಇಳಿಜಾರಾದ ತಲೆಪಟ್ಟಿ ಮುಚ್ಚಿ, ಎರಡೂ ಕಡೆ ಮುಕ್ಕಾಲಿಂಚು ಚಾಚಿರಲಿ, ಚಾಚಿದ ಭಾಗದ ಅಡಿಗೆ ಗರಗಸದಲ್ಲಿ ಒಂದು ಗೀರು ಎಳೆಸಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತುದಿಗಳಿಗೆ ಜೋಡಿಸುವ ಮೊದಲೇ ಎಣ್ಣೆ ಕುಡಿಸಿ, ಆಮೇಲೆ ಬ್ರಷ್ಷು ಹೋಗದು.

ವಾರ್ನಿಷ್ ಹೊಳೆಯುತ್ತದೆ, ಎರಡು ಬೇಸಿಗೆಗೆ ಸುಲಿಯುತ್ತದೆ, ಸುಲಿದ ಕಡೆ ನೀರು ಒಳಹೊಕ್ಕು ಹೊರಬರಲಾರದೆ ಕೂರುತ್ತದೆ. ಬಣ್ಣದ ಕಣಗಳಿರುವ, ಒಳಗಿಳಿಯುವ ಎಣ್ಣೆಯೇ ಮೇಲು. ಆ ಕಣಗಳೇ ಬಿಸಿಲನ್ನು ತಡೆಯುವುದು. ಬರೀ ಅಗಸೆ ಎಣ್ಣೆಯಾದರೆ ಮಳೆಗಾಲದಲ್ಲಿ ಕಪ್ಪು ಬೂಷ್ಟು ಕೂರುತ್ತದೆ. ಕರಾವಳಿಯ ದೋಣಿಗಳಿಗೆ ಬಳಿಯುತ್ತಿದ್ದ ಗೇರುಸಿಪ್ಪೆಯ ಎಣ್ಣೆ ಇಂದಿಗೂ ಕೆಲಸಕ್ಕೆ ಬರುತ್ತದೆ, ಆದರೆ ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಜನವರಿಯಿಂದ ಮಾರ್ಚಿನೊಳಗೆ, ಮರ ಒಣಗಿರುವಾಗ ಬಳಿಯಿರಿ, ಎರಡು ವರ್ಷಕ್ಕೊಮ್ಮೆ ಮತ್ತೆ. ಹಲಗೆ ಬೂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಬಿಸಿಲಿನ ಕೆಲಸ, ಕುಂಬಲ್ಲ.

ಗೇಟು ನಾಲ್ಕಡಿಗಿಂತ ಅಗಲ ಬೇಡ. ಮೂರು ಕೀಲು ಹಾಕಿ, ಸುತ್ತ 10 ಮಿಲಿಮೀಟರ್ ಸಂದು ಬಿಡಿ. ಓರೆಪಟ್ಟಿ ಕೀಲಿರುವ ಕಡೆಯ ಕೆಳಮೂಲೆಯಿಂದ ಹೊರಟು ಚಿಲಕದ ಕಡೆಯ ಮೇಲ್ಮೂಲೆಗೆ ಏರಬೇಕು. ಆಗ ಗೇಟಿನ ಭಾರ ಪಟ್ಟಿಯನ್ನು ಒತ್ತುತ್ತಾ ಕೆಳಗಿನ ಕೀಲಿಗೆ ಇಳಿಯುತ್ತದೆ. ತಿರುಗಿಸಿ ಹೊಡೆದರೆ ಪಟ್ಟಿಯ ಜಂಟಿಗಳು ಎಳೆತಕ್ಕೆ ಸಡಿಲಗೊಂಡು ಚಿಲಕದ ತುದಿ ನೆಲಕ್ಕೆ ಉಜ್ಜುತ್ತದೆ.

ಮಳೆಗಾಲ ಮುಗಿದು ನವೆಂಬರಿನಲ್ಲಿ ಒಮ್ಮೆ ಬೇಲಿಯುದ್ದಕ್ಕೂ ನಡೆಯಿರಿ. ಕಾಂಕ್ರೀಟಿನ ಮೇಲೆ ಬಿದ್ದ ಎಲೆ, ಮಣ್ಣು ಸರಿಸಿ, ಕಂಬದ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಏರಿದೆಯೇ ನೋಡಿ. ಕೆಳಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ, ಮೊನೆ ಸಲೀಸಾಗಿ ಇಳಿದರೆ ಆ ಪಟ್ಟಿ ಬದಲಾಯಿಸಿ. ಇದಕ್ಕೆಂದೇ ಮೊದಲ ದಿನವೇ ಹತ್ತು ಹಲಗೆ, ಎರಡು ಪಟ್ಟಿ ಹೆಚ್ಚಿಗೆ ಕೊಯ್ಸಿ, ಎಣ್ಣೆ ಬಳಿದು ಅಟ್ಟದ ಮೇಲೆ ಇಟ್ಟಿರಬೇಕು. ಐದು ವರ್ಷದ ಮೇಲೆ ಅದೇ ಅಳತೆಯ ನಾಲ್ಕು ಹಲಗೆಗಾಗಿ ಸಾಮಿಲ್ಲಿಗೆ ಹೋದರೆ ಯಾರೂ ಯಂತ್ರ ಹೂಡುವುದಿಲ್ಲ.

ನಮಸ್ಕಾರ.