ಓದಿದವರಿಗೆ ಮಾತ್ರ ವೋಟು ಕೊಟ್ಟರೆ? ಮಂಗಳೂರಿನಲ್ಲಿ ಈ ಪ್ರಯೋಗ ಆಗಲೇ ನಡೀತಿದೆ!

[ಹಿನ್ನೆಲೆ: ಮಂಗಳೂರು ದಕ್ಕೆ, ಸಾಲಾಗಿ ನಿಂತ ಬೋಟುಗಳು]

ನಮಸ್ಕಾರ. ಎಲೆಕ್ಷನ್ ಬಗ್ಗೆ ಯಾವ ವಿಡಿಯೋ ಹಾಕಿದರೂ ಕೆಳಗೆ ಒಂದು ಕಾಮೆಂಟ್ ಗ್ಯಾರಂಟಿ. "ಪ್ಯೂನ್ ಕೆಲಸಕ್ಕೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ, ಮಂತ್ರಿಯಾಗಲು ಏನೂ ಬೇಡವಾ? ಓದಿದವರಿಗೆ ಮಾತ್ರ ವೋಟು ಕೊಡಿ, ದೇಶ ಸರಿಹೋಗುತ್ತೆ." ಲೈಕ್ ಬೀಳುವುದೂ ಅದಕ್ಕೇ. ನನ್ನ ವಿಡಿಯೋಗಿಂತ ಜಾಸ್ತಿ. ಇರಲಿ.

ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಸುಮಾರು 2,400 ವರ್ಷದ ಹಿಂದೆ ಗ್ರೀಕ್ ತತ್ವಜ್ಞಾನಿ ಪ್ಲೇಟೋ ಕೇಳಿದ್ದೂ ಹೆಚ್ಚು ಕಮ್ಮಿ ಇದನ್ನೇ. ಹಡಗಿನ ಚುಕ್ಕಾಣಿಯನ್ನು ಜೋರಾಗಿ ಕೂಗಾಡುವವನಿಗೆ ಕೊಡುತ್ತೀರಾ, ಗಾಳಿ ನಕ್ಷತ್ರ ಗೊತ್ತಿರುವವನಿಗೆ ಕೊಡುತ್ತೀರಾ?

ನಮ್ಮ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಉತ್ತರ ಸುಲಭ. ಬೋಟು ನಡೆಸುವ ತಂಡೇಲನನ್ನು ಯಾರೂ ವೋಟು ಹಾಕಿ ಆರಿಸುವುದಿಲ್ಲ. ಬಲೆ ಎಲ್ಲಿ ಬಿಡಬೇಕು, ಕಡಲು ಎದ್ದರೆ ಯಾವಾಗ ವಾಪಸ್ ತಿರುಗಬೇಕು ಅಂತ ಗೊತ್ತಿರುವವನೇ ತಂಡೇಲ. ಪ್ಲೇಟೋಗೆ ಒಂದು ಮಾರ್ಕು. ಆದರೆ ಮೀನು ದಕ್ಕೆಗೆ ಬಂದ ಮೇಲೆ ಏನಾಗುತ್ತೆ ನೋಡಿ. ಎಲ್ಲರ ಕಣ್ಣೆದುರೇ ಹರಾಜು. ದುಡಿದವರಿಗೆ ಪಾಲು. ಪಾಲು ಕಮ್ಮಿ ಬಿದ್ದರೆ ಹುಡುಗರು ಮುಂದಿನ ಸೀಸನ್‌ಗೆ ಬೇರೆ ಬೋಟು ಹತ್ತಬಹುದು. ಜೂನ್, ಜುಲೈ ಹೇಗೂ ಯಾಂತ್ರಿಕ ಬೋಟುಗಳಿಗೆ ರಜೆ, ಯೋಚನೆ ಮಾಡಲು ಬೇಕಾದಷ್ಟು ಟೈಮ್. ಪ್ಲೇಟೋನ ಹಡಗಿನಲ್ಲಿ ಇಲ್ಲದಿರುವುದು ಇದೇ, ಇಳಿದು ಹೋಗುವ ದಾರಿ. ದೇಶದಿಂದ ಹಾಗೆ ಇಳಿಯಲು ಆಗುವುದಿಲ್ಲ. ಗಲ್ಫ್‌ಗೆ ಇಳಿದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ ಅನ್ನಬೇಡಿ, ಅದು ಬೇರೆ ವಿಡಿಯೋ.

ಎಲೆಕ್ಷನ್‌ನ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿರುವುದೇ. ಲೋಕಸಭೆಗೆ ದಕ್ಷಿಣ ಕನ್ನಡದಲ್ಲಿ ಸುಮಾರು 18 ಲಕ್ಷ ಮತದಾರರು. ಅದರಲ್ಲಿ ನನ್ನದು ಒಂದು. ಆ ಒಂದಕ್ಕಾಗಿ ಬಜೆಟ್ ಓದುತ್ತಾ ಕೂರುವವರು ಯಾರು? ಇನ್ನೊಂದು, ಐದು ವರ್ಷದ ಲೆಕ್ಕ. ಸರ್ಕಲ್ ಕಟ್ಟಿದರೆ ಫೋಟೊ ಬರುತ್ತೆ. ನೆಲದಡಿಯ ಒಳಚರಂಡಿ ಪೈಪ್ ಜೊತೆ ಯಾರು ಸೆಲ್ಫಿ ತೆಗೆಯುತ್ತಾರೆ? ಮೂರನೆಯದು, ನಾಲ್ಕು ಜನ ನಿಂತರೆ ನೂರಕ್ಕೆ 35 ವೋಟು ಪಡೆದವನೂ ಗೆಲ್ಲಬಹುದು. ಬಾಕಿ 65 ಜನ ಬೇಡ ಅಂದಿದ್ದರೂ.

ಸರಿ. ಹಾಗಾದರೆ ಓದಿದವರಿಗೆ ಮಾತ್ರ ವೋಟು ಕೊಟ್ಟು ನೋಡೋಣ. ತಮಾಷೆ ಏನಂದರೆ, ನಾವು ಕೊಟ್ಟಿದ್ದೇವೆ! ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7ಕ್ಕೆ ಪದವೀಧರರು ಮಾತ್ರ ವೋಟು ಹಾಕುತ್ತಾರೆ, ಇನ್ನು 7ಕ್ಕೆ ಶಿಕ್ಷಕರು ಮಾತ್ರ. ಮಂಗಳೂರು, ಉಡುಪಿ ಎರಡೂ ನೈರುತ್ಯ ಪದವೀಧರ ಕ್ಷೇತ್ರಕ್ಕೆ ಸೇರುತ್ತವೆ. ಡಿಗ್ರಿ ಮುಗಿದು ಮೂರು ವರ್ಷ ಆಗಿರಬೇಕು, ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ನೋಂದಾಯಿಸಬೇಕು. ಅದೂ ಯಾವ ಊರಿನಲ್ಲಿ? 2011ರ ಜನಗಣತಿಯಲ್ಲಿ ಶೇಕಡಾ 88.57 ಸಾಕ್ಷರತೆಯೊಂದಿಗೆ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆಯಲ್ಲಿ. ಮೆರಿಟ್ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ?

ಈಗ ಬೂತ್ ಒಳಗೆ ಬನ್ನಿ.

[ಸ್ಕ್ರೀನ್ ಮೇಲೆ: ಮಾದರಿ ಮತಪತ್ರ, ನೇರಳೆ ಬಣ್ಣದ ಪೆನ್ನು]

ಇಲ್ಲಿ ಮೆಷಿನ್ ಇಲ್ಲ, ಕಾಗದ. ಅವರೇ ಕೊಡುವ ನೇರಳೆ ಪೆನ್ನಿನಲ್ಲಿ ಇಷ್ಟದ ಅಭ್ಯರ್ಥಿ ಎದುರು 1 ಅಂತ ಬರೆಯಬೇಕು. ಬೇಕಿದ್ದರೆ ಮುಂದಿನವರಿಗೆ 2, 3. ಕನ್ನಡ ಅಂಕಿಯಲ್ಲೂ ಬರೆಯಬಹುದು. ಟಿಕ್ ಹಾಕಬಾರದು, ಸಹಿ ಮಾಡಬಾರದು, 'ಒಂದು' ಅಂತ ಅಕ್ಷರದಲ್ಲಿ ಬರೆಯಬಾರದು, ಸ್ವಂತ ಪೆನ್ನು ತೆಗೆಯಬಾರದು. ಇಷ್ಟೇ ಪರೀಕ್ಷೆ. ಬರೆಯುವವರೆಲ್ಲ ಡಿಗ್ರಿ ಪಾಸು. ಆದರೂ ಎಣಿಕೆಯ ದಿನ ಅಸಿಂಧು ಮತಗಳದ್ದೇ ಬೇರೆ ಕಟ್ಟು.

ಅದೂ ಹೋಗಲಿ, ಫಲಿತಾಂಶದಲ್ಲಿ ಏನಾದರೂ ಬೇರೆ ವಾಸನೆ ಇದೆಯಾ? ಅದೇ ಪಕ್ಷ, ಅದೇ ಟಿಕೆಟ್ ಗಲಾಟೆ. 2024ರಲ್ಲಿ ಉಡುಪಿಯ ಮಾಜಿ ಶಾಸಕರೊಬ್ಬರು ಟಿಕೆಟ್ ಸಿಗದೆ ಇದೇ ಕ್ಷೇತ್ರದಲ್ಲಿ ಬಂಡಾಯ ನಿಂತದ್ದು ನೆನಪಿದೆ ಅಲ್ವಾ?

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಇನ್ನೂ ಬಾಕಿ ಇದೆ. ಪದವೀಧರ ಕ್ಷೇತ್ರದಲ್ಲಿ ವೋಟು ಹಾಕಲು ಡಿಗ್ರಿ ಬೇಕು. ನಿಲ್ಲಲು? ಬೇಡ! ಮದರಾಸಿನ ಒಂದು ಪದವೀಧರ ಕ್ಷೇತ್ರದಲ್ಲಿ ಗೆದ್ದವರಿಗೆ ಪದವಿ ಇಲ್ಲ ಅಂತ ಕೇಸು ಬಿತ್ತು. ಹೈಕೋರ್ಟ್ ಆಯ್ಕೆ ರದ್ದು ಮಾಡಿತು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ಸಂವಿಧಾನ ಹೇಳುವುದು ಮತದಾರರ ಅರ್ಹತೆ ಮಾತ್ರ, ಅಭ್ಯರ್ಥಿಗೆ ಡಿಗ್ರಿ ಬೇಕು ಅಂತ ಎಲ್ಲೂ ಇಲ್ಲ ಅಂತ. ಅಂದರೆ ಓದಿದವರೇ ಸೇರಿ ಓದದವರನ್ನು ಆರಿಸಬಹುದು. ಆರಿಸಿದ್ದಾರೆ ಕೂಡ. ಈ ತೀರ್ಪು ನನಗೆ ಸರಿ ಅನಿಸುತ್ತೆ. ಕಾಮೆಂಟ್‌ನಲ್ಲಿ ಬೈಯಿರಿ.

ಹಾಗಾದರೆ ಎಲೆಕ್ಷನ್ನೇ ಬೇಡ, ಪರೀಕ್ಷೆ ಇಡೋಣ. ಚೀನಾ ಇಟ್ಟಿತ್ತು, ಹತ್ತಿರ ಹತ್ತಿರ 1,300 ವರ್ಷ, 1905ರವರೆಗೆ. ಅಲ್ಲಿನ ಕಟ್ಟುನಿಟ್ಟು ನೋಡಿದರೆ ನಮ್ಮ ಸಿಇಟಿ ಮಕ್ಕಳಾಟ. ಕೈಬರಹದ ಗುರುತು ಸಿಗಬಾರದು ಅಂತ ಪ್ರತಿ ಉತ್ತರ ಪತ್ರಿಕೆಯನ್ನೂ ಗುಮಾಸ್ತರು ಪೂರ್ತಿ ನಕಲು ಮಾಡುತ್ತಿದ್ದರು. ಪರೀಕ್ಷಕರ ಕೈಗೆ ಹೋಗುತ್ತಿದ್ದದ್ದು ಆ ನಕಲು! ಇಷ್ಟೆಲ್ಲ ಮಾಡಿಯೂ ಸಿಲಬಸ್ ಮಾತ್ರ ಹಳೇ ಗ್ರಂಥಗಳದ್ದು, ಹೆಂಗಸರಿಗೆ ಪ್ರವೇಶವೇ ಇಲ್ಲ. 1839ರಲ್ಲಿ ಬ್ರಿಟಿಷರ ಜೊತೆ ಅಫೀಮು ಯುದ್ಧ ಶುರುವಾದಾಗ ಆ ತೋಪುಗಳಿಗೆ ಏನು ಮಾಡಬೇಕು ಅನ್ನುವುದು ಯಾವ ಗ್ರಂಥದಲ್ಲೂ ಇರಲಿಲ್ಲ. ಇನ್ನು ಫೇಲಾದವರು? ಹಾಂಗ್ ಕ್ಸಿಯುಕ್ವಾನ್ ಅಂತ ಒಬ್ಬ ಪದೇಪದೇ ಫೇಲಾದ. ಹಾಸಿಗೆ ಹಿಡಿದ, ಕನಸು ಕಂಡ, ತಾನು ಯೇಸುವಿನ ತಮ್ಮ ಅಂದ. ಅವನ ಹಿಂದೆ ಎದ್ದ ತೈಪಿಂಗ್ ದಂಗೆ 1850ರಿಂದ 1864ರವರೆಗೆ ನಡೆದು ಎರಡು ಕೋಟಿಯಷ್ಟು ಜನ ಸತ್ತರು. ಫೇಲಾದವನಿಗೆ ಎಲೆಕ್ಷನ್‌ನಲ್ಲಿ ಮುಂದಿನ ಸಲ ಅಂತ ಒಂದಿರುತ್ತೆ, ಬಂಡಾಯವೂ ಹೆಚ್ಚೆಂದರೆ ಠೇವಣಿ ಕಳೆದುಕೊಳ್ಳುತ್ತೆ.

ಟೈಮ್ ಆಗ್ತಾ ಬಂತು, ಉಳಿದದ್ದು ಓಡಿಸುತ್ತೇನೆ. ಹರಿಯಾಣ 2015ರಲ್ಲಿ ಪಂಚಾಯತಿಗೆ ನಿಲ್ಲಲು ವಿದ್ಯಾರ್ಹತೆ ತಂದಿತು, ಸುಪ್ರೀಂ ಕೋರ್ಟೂ ಒಪ್ಪಿತು. ಆ ಕಾನೂನು ಪಾಸು ಮಾಡಿದ ಶಾಸಕರಿಗೆ ಮಾತ್ರ ಯಾವ ಕ್ಲಾಸೂ ಬೇಡ! ಸಿಂಗಾಪುರ ಮೆರಿಟ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ ಅನ್ನುತ್ತೀರಿ, ಹೌದು, ಆದರೆ ಅಲ್ಲೂ ಎಲೆಕ್ಷನ್ ಇದೆ. ವೆನಿಸ್‌ನವರು 1268ರಿಂದ ತಮ್ಮ ಮುಖ್ಯಸ್ಥನನ್ನು ಆರಿಸಲು ಲಾಟರಿ, ವೋಟು, ಮತ್ತೆ ಲಾಟರಿ, ಮತ್ತೆ ವೋಟು ಅಂತ ಸುತ್ತು ಹಾಕುತ್ತಿದ್ದರು. ಲಾಟರಿ ಎತ್ತಲು ಒಬ್ಬ ಪುಟ್ಟ ಹುಡುಗ.

ಅದಕ್ಕಿಂತ ಸುಮಾರು 350 ವರ್ಷ ಮೊದಲೇ, ಕ್ರಿ.ಶ. 920ರ ಹೊತ್ತಿಗೆ, ತಮಿಳುನಾಡಿನ ಉತ್ತರಮೇರೂರಿನ ಚೋಳ ಶಾಸನದಲ್ಲೂ ಊರಿನ ಸಮಿತಿಗೆ ಜನರನ್ನು ಆರಿಸಲು ಮಡಕೆಯಿಂದ ಹೆಸರು ಬರೆದ ಓಲೆ ಎತ್ತುವುದು ಹುಡುಗನೇ. ಓಲೆಯಲ್ಲಿ ಹೆಸರು ಬರಲು ಸ್ವಂತ ಜಮೀನು, ಮನೆ, ವೇದದ ಓದು, 35ರಿಂದ 70ರ ವಯಸ್ಸು ಬೇಕು. ಈ ಪಟ್ಟಿ ನನಗೆ ಬೇಡ, ಅದು ಊರಿನ ಕೆಲವರಿಗಷ್ಟೇ. ಆದರೆ ಒಂದು ನಿಯಮ ಬೇಕೇ ಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಕೊಡದವನ ಹೆಸರು ಓಲೆಯಲ್ಲಿ ಬರೆಯುವಂತಿಲ್ಲ. ಅವನ ನೆಂಟರದ್ದೂ! ನಮ್ಮಲ್ಲೂ ಲೋಕಸಭೆ, ವಿಧಾನಸಭೆ ಅಭ್ಯರ್ಥಿಗಳು ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು, ಸರಿಯಾದ ಕಾರಣ ಇಲ್ಲದೆ ತಪ್ಪಿಸಿದರೆ 3 ವರ್ಷ ಅನರ್ಹ. ಆದರೆ ಅದು ಗೆಲ್ಲಲು ಮಾಡಿದ ಖರ್ಚಿನ ಲೆಕ್ಕ. ಗೆದ್ದ ಮೇಲೆ ವಾರ್ಡಿಗೆ ಬಂದ ದುಡ್ಡಿನ ಲೆಕ್ಕ ಮುಂದಿಡದೆ ಮುಂದಿನ ನಾಮಪತ್ರ ಹಾಕುವಂತಿಲ್ಲ ಅಂತ ಮಾಡಿದರೆ ಹೇಗೆ? ನಿಮ್ಮ ಕಾರ್ಪೊರೇಟರ್‌ಗೆ ಈ ವಿಡಿಯೋ ಕಳಿಸಿ, ನೆಂಟರಿಗೂ.